ಉರುಳುವ ಚೆಂಡಿನ ಮೇಲೆ ನಿಲ್ಲುವ ಮೈ

ಬೆಂಗಳೂರಿನ ಶ್ರೀಗಂಧದ ಕಾವಲ್‌ನಂಥ ಬಡಾವಣೆಯ ಜಿಮ್‌ಗಳ ಮೂಲೆಯಲ್ಲಿ ಸುಮ್ಮನೆ ಬಿದ್ದಂತೆ ಕಾಣುವ ಆ ದೊಡ್ಡ ಗಾಳಿಚೆಂಡಿನ ಮೇಲೆ ನನಗೆ ತುಂಬಾ ಪ್ರೀತಿ. ಅದನ್ನು ಇಟಲಿಯ ಅಕ್ವಿಲಿನೊ ಕೊಸಾನಿ 1963ರಲ್ಲಿ ರೂಪಿಸಿದ್ದು. ಮೊದಲು ಕೈಹಿಡಿದವರು ಸ್ವಿಟ್ಜರ್ಲೆಂಡಿನ ಚಿಕಿತ್ಸಕರು.

ಬ್ಯಾಸ್ಕೆಟ್‌ಬಾಲ್ ಹುಡುಗಿಯೊಬ್ಬಳು ಅದರ ಮೇಲೆ ಮುಂಗೈ ಊರಿ, ಕಾಲ್ಬೆರಳು ನೆಲಕ್ಕೊತ್ತಿ ಮೈ ನೀಳವಾಗಿ ಚಾಚಿದಾಗ ಹತ್ತಿರ ಹೋಗಿ ನೋಡಬೇಕು. ಚೆಂಡು ಕೂದಲೆಳೆಯಷ್ಟು ಜಾರುತ್ತದೆ, ಹೊಟ್ಟೆ ಬಿಗಿಯುತ್ತದೆ, ಬೆನ್ನುಮೂಳೆಯ ಅಕ್ಕಪಕ್ಕ ಸಣ್ಣ ನಡುಕ ಹರಿಯುತ್ತದೆ. ಆದರೂ ಸೊಂಟ ಕುಸಿಯದು. ಮಲಗಿ, ಹಿಮ್ಮಡಿ ಚೆಂಡಿನ ಮೇಲಿಟ್ಟು ಒಳಕ್ಕೆಳೆದಾಗ ತೊಡೆಯ ಹಿಂಬದಿ ಉರಿಯುತ್ತದೆ. ಎಳೆಯುವುದಲ್ಲ, ನಿಧಾನವಾಗಿ ಬಿಡುವುದೇ ನಿಜವಾದ ಕಲೆ!

3.05 ಮೀಟರ್ ಎತ್ತರದ ರಿಂಗ್‌ನಡಿ ರೀಬೌಂಡ್‌ಗೆ ಜಿಗಿದವಳಿಗೆ ಗಾಳಿಯಲ್ಲೇ ಎದುರಾಳಿಯ ಭುಜ ತಾಗುತ್ತದೆ. ಅಲ್ಲಿ ಕಾಯುವುದು ಚೆಂಡಿನ ಮೇಲೆ ಗಳಿಸಿದ ಈ ನಡುವಿನ ಬಲ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಭಾರತದ ಹೆಣ್ಣುಮಕ್ಕಳು ಕಜಕಸ್ತಾನವನ್ನು 75-73ರಿಂದ ಮಣಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರಲ್ಲ, ಎರಡೇ ಅಂಕದ ಅಂತರ! ಅಂಥ ಪಂದ್ಯದಲ್ಲಿ ಒಂದೊಂದು ರೀಬೌಂಡ್‌ಗೂ ಬೆಲೆ.

ಬಲ್ಲ ತರಬೇತುದಾರರು ಆಟಗಾರ್ತಿಯ ಎತ್ತರ ನೋಡಿ 55, 65 ಅಥವಾ 75 ಸೆಂಟಿಮೀಟರ್ ವ್ಯಾಸದ ಗಾಳಿಚೆಂಡು ಆರಿಸುತ್ತಾರೆ. ಬಳಿಕ ಹೆಬ್ಬೆರಳಿನಿಂದ ಒತ್ತಿ ಗಾಳಿ ಪರೀಕ್ಷಿಸುತ್ತಾರೆ. ಹೊಸಬರಿಗೆ ತುಸು ಮೆತ್ತಗೆ, ಪಳಗಿದವರಿಗೆ ಬಿಗಿ.