ದೊಡ್ಡ ಹೈಸ್ಕೂಲಿನ ವಿಭಜನೆ: ಬಾರ್ಕರ್ ಮತ್ತು ಗಂಪ್ ಅವರ ಗ್ರಂಥದ ಪುನರ್ವಿಮರ್ಶೆ

ದೊಡ್ಡ ಹೈಸ್ಕೂಲೊಂದನ್ನು ಹಲವು ಕಿರುಸಮುದಾಯಗಳಾಗಿ ವಿಂಗಡಿಸಿ ನಡೆಸಬೇಕೆಂಬ ವಾದ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಸಾವಿರ, ಎರಡು ಸಾವಿರ ವಿದ್ಯಾರ್ಥಿಗಳಿರುವ ಶಾಲೆಯಲ್ಲಿ ಮುನ್ನೂರು ನಾನೂರು ಮಂದಿಯ ಒಂದೊಂದು ಗುಂಪನ್ನು ಮಾಡಿ, ಪ್ರತಿಯೊಂದಕ್ಕೂ ಅದರದೇ ಆದ ಉಪಾಧ್ಯಾಯವರ್ಗವನ್ನೂ ಕೊಠಡಿಗಳನ್ನೂ ಒದಗಿಸಿ, ಅದೇ ಉಪಾಧ್ಯಾಯರು ಅದೇ ಮಕ್ಕಳೊಡನೆ ಕೆಲವು ವರ್ಷ ಕಳೆಯುವಂತೆ ಏರ್ಪಡಿಸುವುದು ಇದರ ಕ್ರಮ. ನಮ್ಮಲ್ಲಿ ಒಂದು ತರಗತಿಯನ್ನು ಎ, ಬಿ, ಸಿ ಎಂದು ವಿಭಾಗಿಸುವ ಪದ್ಧತಿಗೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಇಲ್ಲಿ ಬೇರೆಯಾಗುವುದು ಬಹುಮಟ್ಟಿಗೆ ಹಾಜರಿಪಟ್ಟಿ ಮಾತ್ರ. ಈ ವಾದಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಒದಗಿಸಿದ ಗ್ರಂಥಗಳಲ್ಲಿ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಅವರ ‘ಬಿಗ್ ಸ್ಕೂಲ್, ಸ್ಮಾಲ್ ಸ್ಕೂಲ್’ (೧೯೬೪) ಮುಖ್ಯವಾದುದು. ಆ ಗ್ರಂಥ ಹೇಳಿದ್ದೇನು, ಸಣ್ಣ ಶಾಲೆಯ ಹೆಸರಿನಲ್ಲಿ ಮುಂದೆ ನಡೆದದ್ದೇನು, ಇವೆರಡರ ನಡುವಣ ಅಂತರವೆಷ್ಟು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥ ಹುಟ್ಟಿದ ಕಾಲವನ್ನು ಮೊದಲು ನೆನೆಯಬೇಕು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಂಟ್ ಅವರು ೧೯೫೯ರಲ್ಲಿ ಅಮೆರಿಕದ ಹೈಸ್ಕೂಲುಗಳನ್ನು ಕುರಿತು ತಮ್ಮ ವರದಿಯನ್ನು ಪ್ರಕಟಿಸಿದರು. ಅಂತಿಮ ತರಗತಿಯಲ್ಲಿ ನೂರು ಮಂದಿಯಾದರೂ ಇಲ್ಲದ ಶಾಲೆ ಉನ್ನತ ಗಣಿತ, ಭೌತವಿಜ್ಞಾನ, ಪರಭಾಷೆ ಮುಂತಾದವನ್ನು ತಕ್ಕ ರೀತಿಯಲ್ಲಿ ಕಲಿಸಲಾರದು; ಆದುದರಿಂದ ಚಿಕ್ಕ ಶಾಲೆಗಳನ್ನು ಒಂದುಗೂಡಿಸಬೇಕು ಎಂಬುದು ಅವರ ಅಭಿಪ್ರಾಯಗಳಲ್ಲಿ ಒಂದು. ಇದು ಸುಲಭವಾಗಿ ತಳ್ಳಿಹಾಕತಕ್ಕ ಮಾತಲ್ಲ. ಹತ್ತು ಹುಡುಗರಿಗೋಸ್ಕರ ಭೌತವಿಜ್ಞಾನದಲ್ಲಿ ಪರಿಣತನಾದ ಉಪಾಧ್ಯಾಯನನ್ನು ಯಾವ ಆಡಳಿತ ಮಂಡಲಿ ತಾನೆ ನೇಮಿಸೀತು?

ಬಾರ್ಕರ್ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ನೋಡಿದರು. ಕಾನ್ಸಸ್ ಸಂಸ್ಥಾನದ ಓಸ್ಕಲೂಸಾ ಎಂಬ ಚಿಕ್ಕ ಊರಿನಲ್ಲಿ ೧೯೪೭ರಲ್ಲಿ ಸ್ಥಾಪಿತವಾದ ಕ್ಷೇತ್ರಕೇಂದ್ರದಲ್ಲಿ ಅವರು ಜನರ ದೈನಂದಿನ ನಡವಳಿಕೆಯನ್ನು ಅದು ನಡೆಯುವ ಸ್ಥಳದಲ್ಲಿಯೇ ಅಭ್ಯಸಿಸುತ್ತಿದ್ದವರು. ಪೂರ್ವ ಕಾನ್ಸಸ್ಸಿನ ಹದಿಮೂರು ಹೈಸ್ಕೂಲುಗಳನ್ನು ಅವರು ಆರಿಸಿಕೊಂಡರು. ಅವುಗಳಲ್ಲಿ ಅತಿ ಚಿಕ್ಕದರಲ್ಲಿ ೩೫ ಮಂದಿ, ಅತಿ ದೊಡ್ಡದರಲ್ಲಿ ೨,೨೮೭ ಮಂದಿ ವಿದ್ಯಾರ್ಥಿಗಳು. ಪಾಠದ ಕೊಠಡಿ, ನಾಟಕದ ಪ್ರದರ್ಶನ, ಚೆಂಡಾಟದ ಪಂದ್ಯ, ಸಂಘದ ಸಭೆ ಹೀಗೆ ತನ್ನದೇ ಆದ ಸ್ಥಳ, ಕಾಲ, ಕರ್ತವ್ಯಗಳುಳ್ಳ ಒಂದೊಂದನ್ನೂ ಅವರು ‘ನಡವಳಿಕೆಯ ನೆಲೆ’ ಎಂದು ಗಣಿಸಿ ಲೆಕ್ಕಮಾಡಿದರು. ದೊಡ್ಡ ಶಾಲೆಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಚಿಕ್ಕದರ ಸುಮಾರು ೬೫ ಪಟ್ಟು. ಆದರೆ ನೆಲೆಗಳ ಸಂಖ್ಯೆ ೮ ಪಟ್ಟು. ನೆಲೆಗಳ ವೈವಿಧ್ಯವಾದರೋ ಒಂದೂವರೆ ಪಟ್ಟು ಮಾತ್ರ.

ಇದರ ತಾತ್ಪರ್ಯ ಸ್ಪಷ್ಟವಾಗಿದೆ. ನಾಟಕವೊಂದನ್ನು ಆಡಲು ದೊಡ್ಡ ಶಾಲೆಗೂ ಚಿಕ್ಕ ಶಾಲೆಗೂ ಹೆಚ್ಚು ಕಡಮೆ ಅಷ್ಟೇ ಪಾತ್ರಧಾರಿಗಳು ಬೇಕು. ಚಿಕ್ಕ ಶಾಲೆಯಲ್ಲಿ ಬಹುಮಂದಿ ರಂಗಕ್ಕೆ ಬರಬೇಕಾಗುತ್ತದೆ, ಇಲ್ಲವೆ ಪರದೆಯನ್ನಾದರೂ ಎಳೆಯಬೇಕಾಗುತ್ತದೆ. ದೊಡ್ಡ ಶಾಲೆಯಲ್ಲಿ ಬಹುಮಂದಿ ಪ್ರೇಕ್ಷಕರಾಗಿ ಉಳಿಯುತ್ತಾರೆ. ತಮಗೆ ದೊರೆತ ತೃಪ್ತಿ ಯಾವುದೆಂದು ಕೇಳಿದಾಗ ಚಿಕ್ಕ ಶಾಲೆಯವರು ತಾವು ಕೈಕೊಂಡ ಕೆಲಸವನ್ನೂ ಹೊತ್ತ ಹೊಣೆಯನ್ನೂ ಹೆಚ್ಚಾಗಿ ಹೇಳಿದರು. ದೊಡ್ಡ ಶಾಲೆಯವರು ಇತರರ ಸಾಧನೆಯನ್ನು ನೋಡಿದ ಸಂತೋಷವನ್ನೂ ದೊಡ್ಡದೊಂದಕ್ಕೆ ಸೇರಿದವರೆಂಬ ಹೆಮ್ಮೆಯನ್ನೂ ಹೆಚ್ಚಾಗಿ ಹೇಳಿದರು.

ಈ ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗ ಎಡ್ವಿನ್ ವಿಲೆಮ್ಸ್ ಅವರ ಅಧ್ಯಯನವೆಂದು ನಮ್ಮ ಅಭಿಪ್ರಾಯ. ಓದಿನಲ್ಲಿ ಹಿಂದುಳಿದು ಶಾಲೆಗೆ ಒಗ್ಗದ ವಿದ್ಯಾರ್ಥಿಗಳನ್ನು ಅವರು ಪ್ರತ್ಯೇಕವಾಗಿ ಗಮನಿಸಿದರು. ‘ನಾನು ಹೋಗಲೇಬೇಕು, ನಾನಿಲ್ಲದೆ ಆಗದು’ ಎಂಬ ಭಾವನೆ ಚಿಕ್ಕ ಶಾಲೆಯಲ್ಲಿ ಇಂತಹವರಲ್ಲಿಯೂ ಇತರರಲ್ಲಿದ್ದಷ್ಟೇ ಇತ್ತು. ದೊಡ್ಡ ಶಾಲೆಯಲ್ಲಿ ಅದು ಬಹಳ ಕ್ಷೀಣವಾಗಿತ್ತು. ಹಿಂದಿನ ಬೆಂಚಿನ ಹುಡುಗನನ್ನು ಅರಿಯದ ಅಧ್ಯಾಪಕನಿಲ್ಲ. ಅವನ ಮೌನಕ್ಕೆ ಕಾರಣವನ್ನು ನಾವು ಸಾಮಾನ್ಯವಾಗಿ ಅವನ ಬುದ್ಧಿಯಲ್ಲಿ ಅಥವಾ ಮನೆಯಲ್ಲಿ ಹುಡುಕುತ್ತೇವೆ. ಶಾಲೆಗೆ ಅವನು ಬೇಕಾಗಿಯೇ ಇರಲಿಲ್ಲವೆಂಬುದೂ ಒಂದು ಕಾರಣವಾಗಿರಬಹುದೆಂದು ಈ ಗ್ರಂಥ ನಮಗೆ ತಿಳಿಸುತ್ತದೆ.

ಆದರೂ ಗ್ರಂಥದ ಮಿತಿಗಳನ್ನು ಹೇಳದೆ ವಿಧಿಯಿಲ್ಲ. ಪಾಲುಗೊಳ್ಳುವಿಕೆಯನ್ನು ಅದು ಅಳೆಯಿತೇ ಹೊರತು ವಿದ್ಯೆಯನ್ನು ಅಳೆಯಲಿಲ್ಲ. ಕೊನಂಟರ ಆಕ್ಷೇಪಕ್ಕೆ ಅದು ಪೂರ್ಣವಾದ ಉತ್ತರವಲ್ಲ. ಅಲ್ಲದೆ ಕಾನ್ಸಸ್ಸಿನ ಹಳ್ಳಿಯ ಶಾಲೆಯ ಬೆನ್ನಿಗೆ ಪರಸ್ಪರ ಪರಿಚಯವುಳ್ಳ ಒಂದು ಊರು ಇತ್ತು. ನಗರದ ದೊಡ್ಡ ಕಟ್ಟಡವನ್ನು ನಾಲ್ಕು ಪಾಲು ಮಾಡಿದ ಮಾತ್ರಕ್ಕೆ ಅಂತಹ ಊರು ಹುಟ್ಟಲಾರದು.

ಮುಂದಿನ ಸುಧಾರಕರು ಈ ಎಚ್ಚರಿಕೆಯನ್ನು ವಹಿಸಿದಂತೆ ತೋರುವುದಿಲ್ಲ. ಕ್ರಿ. ಶ. ೨೦೦೦ದ ಸುಮಾರಿಗೆ ಅಮೆರಿಕದ ಕೇಂದ್ರ ಸರ್ಕಾರ ಸಾವಿರಕ್ಕೆ ಮೇಲ್ಪಟ್ಟ ಹೈಸ್ಕೂಲುಗಳ ವಿಭಜನೆಗೆ ಧನಸಹಾಯ ನೀಡತೊಡಗಿತು. ಗೇಟ್ಸ್ ಪ್ರತಿಷ್ಠಾನವೂ ಸಣ್ಣ ಶಾಲೆಗಳಿಗಾಗಿ ಅಪಾರ ದ್ರವ್ಯವನ್ನು ವಿನಿಯೋಗಿಸಿತು. ಡೆನ್ವರ್ ನಗರದ ಮ್ಯಾನುಅಲ್ ಹೈಸ್ಕೂಲನ್ನು ೨೦೦೧ರಲ್ಲಿ ಒಂದೇ ಕಟ್ಟಡದೊಳಗೆ ಮೂರು ಶಾಲೆಗಳಾಗಿ ಒಡೆಯಲಾಯಿತು. ವಿದ್ಯಾರ್ಥಿಗಳು ಬಿಟ್ಟುಹೋಗುತ್ತ ಬಂದರು. ೨೦೦೬ರಲ್ಲಿ ಶಾಲೆಯನ್ನೇ ಮುಚ್ಚಿ, ಮರುವರ್ಷ ಹೊಸದಾಗಿ ತೆರೆಯಬೇಕಾಯಿತು. ನೆರವು ಪಡೆದ ಸಣ್ಣ ಶಾಲೆಗಳಲ್ಲಿ ಅನೇಕವು ವಿದ್ಯಾರ್ಥಿಗಳ ಸಾಧನೆಯನ್ನು ಗಣನೀಯವಾಗಿ ಹೆಚ್ಚಿಸಲಿಲ್ಲವೆಂದೂ, ಇರುವ ಶಾಲೆಯನ್ನು ಬದಲಾಯಿಸುವುದಕ್ಕಿಂತ ಹೊಸದನ್ನು ಕಟ್ಟುವುದರಲ್ಲಿ ಹೆಚ್ಚು ಫಲ ದೊರೆಯಿತೆಂದೂ ಬಿಲ್ ಗೇಟ್ಸ್ ಅವರೇ ೨೦೦೯ರ ತಮ್ಮ ವಾರ್ಷಿಕ ಪತ್ರದಲ್ಲಿ ಒಪ್ಪಿಕೊಂಡರು.

ಸಂಖ್ಯಾಶಾಸ್ತ್ರಜ್ಞ ಹೋವರ್ಡ್ ವೇನರ್ ಅವರು ೨೦೦೭ರಲ್ಲಿ ಈ ಉತ್ಸಾಹದ ಮೂಲದಲ್ಲಿದ್ದ ದೋಷವೊಂದನ್ನು ತೋರಿಸಿದರು. ಪೆನ್ಸಿಲ್ವೇನಿಯದ ಶಾಲೆಗಳಲ್ಲಿ ಅತ್ಯುತ್ತಮವಾದ ೫೦ನ್ನು ತೆಗೆದುಕೊಂಡರೆ ಅವುಗಳಲ್ಲಿ ೬ ಅತಿ ಚಿಕ್ಕ ಶಾಲೆಗಳು. ಇದು ಅವುಗಳ ಪ್ರಮಾಣವನ್ನು ಮೀರಿದ ಸಂಖ್ಯೆ. ಆದರೆ ಅತ್ಯಂತ ಕೆಳಗಿನ ೫೦ರಲ್ಲಿ ಅಂತಹವು ೯! ಮಕ್ಕಳ ಸಂಖ್ಯೆ ಕಡಮೆಯಾದಷ್ಟೂ ಸರಾಸರಿಯ ಏರಿಳಿತ ಹೆಚ್ಚು. ಮೇಲಿನ ತುದಿಯನ್ನು ಮಾತ್ರ ನೋಡಿದವರಿಗೆ ಚಿಕ್ಕದೇ ಶ್ರೇಷ್ಠವೆಂಬ ಭ್ರಮೆಯುಂಟಾಗುವುದು ಸಹಜ.

ಹಾಗಾದರೆ ಇಡಿಯ ವಾದವೇ ಹುಸಿಯೆ? ಹಾಗೆನ್ನಲು ನ್ಯೂಯಾರ್ಕಿನ ಅನುಭವ ಅಡ್ಡಬರುತ್ತದೆ. ಆ ನಗರದಲ್ಲಿ ವಿಫಲವಾದ ದೊಡ್ಡ ಶಾಲೆಗಳನ್ನು ಮುಚ್ಚಿ, ತರಗತಿಗೆ ಸುಮಾರು ನೂರು ಮಂದಿಯಂತೆ ಅನೇಕ ಹೊಸ ಶಾಲೆಗಳನ್ನು ತೆರೆದರು. ಅಭ್ಯರ್ಥಿಗಳು ಮಿತಿಮೀರಿದ ಕಡೆ ಚೀಟಿ ಎತ್ತಿದಂತೆ ಪ್ರವೇಶ ದೊರೆಯುತ್ತಿದ್ದುದರಿಂದ ದೊರೆತವರನ್ನೂ ದೊರೆಯದವರನ್ನೂ ನ್ಯಾಯವಾಗಿ ಹೋಲಿಸುವುದು ಸಾಧ್ಯವಾಯಿತು. ೨೦೧೦ರ ವರದಿಯ ಪ್ರಕಾರ ನಾಲ್ಕು ವರ್ಷಗಳಲ್ಲಿ ತೇರ್ಗಡೆಯಾದವರು ಹೊಸ ಶಾಲೆಗಳಲ್ಲಿ ಶೇಕಡ ೬೮.೭, ಇತರ ಕಡೆ ಶೇಕಡ ೬೧.೯. ವೇನರ್ ಎತ್ತಿದ ಆಕ್ಷೇಪ ಈ ಹೋಲಿಕೆಗೆ ತಗಲುವುದಿಲ್ಲ. ಡೆನ್ವರಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಶಾಲೆಗಳು ಚಿಕ್ಕವೇ ಆಗಿದ್ದವು. ಡೆನ್ವರಿನದು ಇದ್ದ ಶಾಲೆಯ ಹಂಚಿಕೆ. ನ್ಯೂಯಾರ್ಕಿನ ಶಾಲೆಗಳಾದರೋ ತಮ್ಮದೇ ಮುಖ್ಯೋಪಾಧ್ಯಾಯರನ್ನೂ ಉದ್ದೇಶವನ್ನೂ ಪಡೆದು ಮೊದಲಿನಿಂದ ಕಟ್ಟಲ್ಪಟ್ಟವು. ಆದುದರಿಂದ ಫಲಭೇದಕ್ಕೆ ಕಾರಣ ಗಾತ್ರವೊಂದೇ ಆಗಿರಲಾರದು.

ಒಟ್ಟಿನಲ್ಲಿ, ಬಾರ್ಕರ್ ಮತ್ತು ಗಂಪ್ ಅವರ ಗ್ರಂಥದಿಂದ ಸುಧಾರಕರು ಸಂಖ್ಯೆಯನ್ನು ಎತ್ತಿಕೊಂಡರು. ಅದರ ಹಿಂದಿನ ತತ್ತ್ವವನ್ನು ಬಿಟ್ಟರು. ವಿದ್ಯಾರ್ಥಿಗಳಲ್ಲಿ ಒಬ್ಬನೂ ಹೆಚ್ಚಿಗೆಯವನೆನಿಸದಷ್ಟು ಶಾಲೆ ಚಿಕ್ಕದಾಗಿರಬೇಕು ಎಂಬುದು ಆ ತತ್ತ್ವ. ವಿಭಜನೆಗೆ ಹೊರಟ ಶಾಲೆ ಮೊದಲು ಕೇಳಿಕೊಳ್ಳಬೇಕಾದುದು ಒಂದು ಗುಂಪಿಗೆ ಎಷ್ಟು ಮಂದಿ ಎಂದಲ್ಲ. ಈ ಗುಂಪು ತಾನೇ ನಿರ್ಧರಿಸತಕ್ಕ ವಿಷಯಗಳಾವುವು, ಇದರಲ್ಲಿ ಪ್ರತಿಯೊಬ್ಬನ ಪಾಲಿಗೆ ಬರುವ ಕೆಲಸವಾವುದು ಎಂದು. ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಮಾಡಿದ ವಿಭಜನೆಯಿಂದ ದೊಡ್ಡ ಶಾಲೆಯ ಅನುಕೂಲಗಳು ಕಳೆದುಹೋಗುತ್ತವೆ, ಚಿಕ್ಕ ಶಾಲೆಯ ಗುಣ ಮಾತ್ರ ಬರುವುದಿಲ್ಲ. ಹಿಂದಿನ ಬೆಂಚಿನ ಹುಡುಗ ಆಗಲೂ ಹಿಂದಿನ ಬೆಂಚಿನಲ್ಲಿಯೇ ಕುಳಿತಿರುತ್ತಾನೆ. ಕೊಠಡಿ ಮಾತ್ರ ಚಿಕ್ಕದಾಗಿರುತ್ತದೆ.