ಬೋಸರ ‘ರಸಾರೋಹಣ’ ಗ್ರಂಥ: ಒಂದು ವಿಮರ್ಶೆ

ಆಚಾರ್ಯ ಜಗದೀಶಚಂದ್ರ ಬೋಸರ ‘ದಿ ಫಿಸಿಯಾಲಜಿ ಆಫ್ ದಿ ಅಸೆಂಟ್ ಆಫ್ ಸ್ಯಾಪ್’ ಎಂಬ ಗ್ರಂಥವು 1923ರಲ್ಲಿ ಪ್ರಕಟವಾಯಿತು. ಇದನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬಳಕೆಯಲ್ಲಿವೆ. ಪಾಶ್ಚಾತ್ಯರು ಮತ್ಸರದಿಂದ ಇದನ್ನು ತಳ್ಳಿಹಾಕಿದರೆಂಬುದು ಒಂದು; ಇದು ಪ್ರತಿಭಾವಂತನೊಬ್ಬನ ಪ್ರಮಾದ, ಮರೆತರೇ ಲೇಸು ಎಂಬುದು ಇನ್ನೊಂದು. ಸಸ್ಯಶಾಸ್ತ್ರವು ನಮ್ಮ ಅಧ್ಯಯನದ ಕ್ಷೇತ್ರವಲ್ಲ. ಆದರೆ ಗ್ರಂಥವೊಂದು ಯಾವ ಪ್ರಶ್ನೆಯನ್ನು ಕೇಳಿತು, ಯಾವುದನ್ನು ಕೇಳದೆ ಬಿಟ್ಟಿತು ಎಂದು ವಿಚಾರಿಸುವುದು ಇತಿಹಾಸಕಾರನ ಕರ್ತವ್ಯವೇ ಆಗಿದೆ. ಆ ದೃಷ್ಟಿಯಿಂದ ನೋಡಿದರೆ ಮೇಲಿನ ಎರಡು ಅಭಿಪ್ರಾಯಗಳೂ ಸಾಲವು.

ಬೋಸರ ವಾದವು ಸರಳವಾದುದು. ಕಾಂಡದ ಒಳಗಿನ ಜೀವಂತ ಕೋಶಗಳ ಒಂದು ಪದರವು ಹೃದಯದಂತೆ ಮಿಡಿಯುತ್ತದೆ. ಆ ಮಿಡಿತವೇ ರಸವನ್ನು ಮೇಲಕ್ಕೆ ತಳ್ಳುತ್ತದೆ. ಇದನ್ನು ತೋರಿಸಲು ಅವರು ಸೂಕ್ಷ್ಮವಾದ ತಂತಿಯೊಂದನ್ನು ಕಾಂಡದೊಳಕ್ಕೆ ಹಂತಹಂತವಾಗಿ ತೂರಿಸಿ, ಪ್ರತಿ ಪದರದಲ್ಲಿಯೂ ವಿದ್ಯುತ್ತಿನ ಏರಿಳಿತವನ್ನು ಗ್ಯಾಲ್ವನೋಮೀಟರಿನಿಂದ ಅಳೆದರು. ಏರಿಳಿತವು ಅತ್ಯಧಿಕವಾಗಿ ಕಂಡುಬಂದದ್ದು ಕಾರ್ಟೆಕ್ಸಿನ ಒಳ ಅಂಚಿನಲ್ಲಿ, ಎಂಡೋಡರ್ಮಿಸ್ ಎಂಬ ಪದರಕ್ಕೆ ತಾಗಿರುವ ಕೋಶಗಳಲ್ಲಿ. ಉಪಕರಣದ ನಯವನ್ನು ಮೆಚ್ಚದಿರುವುದು ಕಷ್ಟ. ಆದರೆ ವಿದ್ಯುತ್ತಿನ ಏರಿಳಿತದಿಂದ ನೀರೆತ್ತುವ ಯಂತ್ರವೊಂದನ್ನು ಊಹಿಸಿದ್ದು ದೊಡ್ಡ ನೆಗೆತ.

ಈ ನೆಗೆತಕ್ಕೆ ಎದುರಾಗಿ ಅದಾಗಲೇ ಬಲವಾದ ಸಾಕ್ಷ್ಯವಿದ್ದಿತು. ಜರ್ಮನಿಯ ಸ್ಟ್ರಾಸ್‌ಬರ್ಗರ್ 1890ರ ದಶಕದ ಆರಂಭದಲ್ಲಿಯೇ ಎತ್ತರದ ಮರಗಳ ಬುಡವನ್ನು ಕತ್ತರಿಸಿ ವಿಷದ್ರಾವಣದಲ್ಲಿ ನಿಲ್ಲಿಸಿ, ಕೋಶಗಳು ಸತ್ತ ಬಳಿಕವೂ ದ್ರವವು ಮೇಲೇರುವುದನ್ನು ತೋರಿಸಿದ್ದರು. ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ, ಎಲೆಗಳಿಂದ ನೀರು ಆವಿಯಾಗುವಾಗ ಉಂಟಾಗುವ ಎಳೆತವೇ ಮುರಿಯದ ನೀರಿನ ದಾರವನ್ನು ಮೇಲಕ್ಕೆ ಸೆಳೆಯುತ್ತದೆ ಎಂದು ಪ್ರತಿಪಾದಿಸಿದರು. 1965ರಲ್ಲಿ ಸ್ಕೊಲಾಂಡರ್ ಮತ್ತು ಸಂಗಡಿಗರು ಒತ್ತಡದ ಪಾತ್ರೆಯ ಮೂಲಕ ಆ ಎಳೆತವನ್ನು ಅಳೆದರು. ಇಲ್ಲಿ ಮತ್ಸರದ ಮಾತಿಗೆ ಎಡೆಯಿಲ್ಲ. ಬೋಸರ ವಾದ ಸೋತದ್ದು ಪ್ರಯೋಗಗಳ ಮುಂದೆ.

ಹಾಗೆಂದು ವಿಷಯವು ಮುಗಿಯಲಿಲ್ಲ. ಬೋಸರೂ ಅವರ ವಿರೋಧಿಗಳೂ ‘ರಸ’ವೆಂದರೆ ಏರುವ ನೀರು ಎಂದೇ ಭಾವಿಸಿದ್ದರು. ರಸದಲ್ಲಿ ಏನು ಕರಗಿದೆ, ಅದನ್ನು ಸಸ್ಯವು ಹೇಗೆ ಹತೋಟಿಯಲ್ಲಿಡುತ್ತದೆ ಎಂಬ ಪ್ರಶ್ನೆಯು ಈ ವಾಗ್ವಾದದಲ್ಲಿ ಬದಿಗೆ ಸರಿಯಿತು. ವಾಸ್ತವವಾಗಿ ರಸಗಳು ಎರಡು. ಕ್ಸೈಲಮಿನಲ್ಲಿ ಏರುವುದು ಅತಿ ತಿಳಿಯಾದ ಲವಣಜಲ. ಫ್ಲೋಯಮಿನಲ್ಲಿ ಹರಿಯುವುದು ಸಕ್ಕರೆಯ ಪಾಕವೇ ಸರಿ. ಅನೇಕ ಗಿಡಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತೈದರಷ್ಟು ಸುಕ್ರೋಸ್, ಜೊತೆಗೆ ಹೇರಳವಾದ ಪೊಟ್ಯಾಸಿಯಂ. ಸುಣ್ಣದ ಅಂಶವಾದ ಕ್ಯಾಲ್ಸಿಯಂ ಮಾತ್ರ ಈ ಎರಡನೆಯ ದಾರಿಯಲ್ಲಿ ಬಹಳ ಅಲ್ಪ. ಆದುದರಿಂದಲೇ ಹಳೆಯ ಎಲೆಯಲ್ಲಿ ಎಷ್ಟೇ ಕ್ಯಾಲ್ಸಿಯಂ ಇದ್ದರೂ ಟೊಮೇಟೊ ಕಾಯಿಯ ತುದಿ ಅದರ ಕೊರತೆಯಿಂದ ಕಪ್ಪಾಗಬಲ್ಲದು. 1953ರಲ್ಲಿ ಕೆನೆಡಿ ಮತ್ತು ಮಿಟ್ಲರ್, ರಸ ಹೀರುತ್ತಿದ್ದ ಸಸ್ಯಹೇನಿನ ಸೂಜಿಯಂಥ ಬಾಯಿಯನ್ನು ಕತ್ತರಿಸಿ, ಅದರ ಮೊಟಕು ತುದಿಯಿಂದ ಒಸರುವ ಫ್ಲೋಯಮ್ ರಸವನ್ನೇ ಸಂಗ್ರಹಿಸಿದರು. ಇಷ್ಟು ಶುದ್ಧವಾದ ರಸ ಅದಕ್ಕೆ ಮೊದಲು ಯಾರ ಕೈಗೂ ಸುಲಭವಾಗಿ ಸಿಕ್ಕಿರಲಿಲ್ಲ.

ಮ್ಯುಂಖ್ 1930ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಎಲೆಯಲ್ಲಿ ಸಕ್ಕರೆ ತುಂಬಿದೊಡನೆ ನೀರು ಅದರ ಕಡೆಗೆ ನುಗ್ಗಿ ಒತ್ತಡವು ಏರುತ್ತದೆ. ಬೇರಿನಲ್ಲಿ, ಹಣ್ಣಿನಲ್ಲಿ ಸಕ್ಕರೆ ಖರ್ಚಾದೊಡನೆ ಒತ್ತಡ ಇಳಿಯುತ್ತದೆ. ರಸವು ಹೆಚ್ಚಿನಿಂದ ಕಡಿಮೆಯ ಕಡೆಗೆ ಸಾಗುತ್ತದೆ. ಈ ತುಂಬುವಿಕೆಯು ಜೀವಂತ ಪೊರೆಯ ಕೆಲಸ. ಸುಕ್ರೋಸನ್ನು ಒಳಗೆಳೆದುಕೊಳ್ಳುವ ಪ್ರೋಟೀನಿನ ಜೀನು 1992ರಲ್ಲಿ ಪಾಲಕ್ ಸೊಪ್ಪಿನಿಂದ ದೊರೆಯಿತು. ಎಲೆಯ ಕೋಶಗಳಿಂದ ಸಕ್ಕರೆಯನ್ನು ಹೊರಬಿಡುವ ‘ಸ್ವೀಟ್’ ಪ್ರೋಟೀನುಗಳ ಪಾತ್ರ 2012ರಲ್ಲಿ ತಿಳಿಯಿತು.

ಬೇರಿನ ಸ್ಥಿತಿಯೂ ಇಂಥದೇ, ಮತ್ತು ಬೋಸರ ಓದುಗರು ಇಲ್ಲಿ ತುಸು ನಿಲ್ಲಬೇಕು. ಕ್ಯಾಸ್ಪರಿ 1865ರಲ್ಲಿಯೇ ವರ್ಣಿಸಿದ, ನೀರು ತೂರದ ಪಟ್ಟಿಯು ಬೇರಿನ ಎಂಡೋಡರ್ಮಿಸಿನ ಕೋಶಭಿತ್ತಿಗಳ ನಡುವೆ ಇದೆ. ಮಣ್ಣಿನ ಲವಣಗಳು ಭಿತ್ತಿಯ ಸಂದಿನಲ್ಲಿ ಕದ್ದು ನುಸುಳಲಾರವು. ಜೀವಂತ ಪೊರೆಯ ಅನುಮತಿ ಪಡೆದೇ ಒಳಹೋಗಬೇಕು. ಯಾವ ಲವಣ ಎಷ್ಟು ಏರಬೇಕೆಂಬುದು ಬಹುಮಟ್ಟಿಗೆ ಆ ಸುಂಕದ ಕಟ್ಟೆಯಲ್ಲಿ ನಿರ್ಧಾರವಾಗುತ್ತದೆ. ಕ್ಸೈಲಮಿಗೆ ಪೊಟ್ಯಾಸಿಯಂ ಹರಿಸುವ ಮಾರ್ಗವೊಂದನ್ನು 1998ರಲ್ಲಿ ಗುರುತಿಸಲಾಯಿತು.

ಬೋಸರ ತಂತಿಯು ಕಾಂಡದಲ್ಲಿ ನಿಂತದ್ದು ಈ ಕಟ್ಟೆಗೆ ಸೋದರನಾದ ಪದರದ ಮಗ್ಗುಲಲ್ಲಿ. ಇದನ್ನು ಅವರ ‘ಭವಿಷ್ಯದರ್ಶನ’ವೆಂದು ಹೊಗಳುವುದು ಇತಿಹಾಸಕ್ಕೆ ಅಪಚಾರ. ಅವರು ಕಾಂಡದಲ್ಲಿ ಅಳೆದದ್ದು ವಿದ್ಯುತ್ತನ್ನು, ಹುಡುಕಿದ್ದು ಪಂಪನ್ನು, ಲವಣಗಳ ಆಯ್ಕೆಯನ್ನಲ್ಲ. ಆದರೂ ಜೀವಂತ ಕೋಶವನ್ನು ಲೆಕ್ಕದಿಂದ ಬಿಡಲಾಗದೆಂಬ ಅವರ ಹಟವನ್ನು ಕೇವಲ ಪ್ರಮಾದವೆಂದು ಕರೆಯಲು ನಾವು ಸಿದ್ಧರಿಲ್ಲ. ನೀರೆತ್ತಲು ಅಂಥ ಕೋಶ ಬೇಕಿಲ್ಲ. ಆ ನೀರಿನಲ್ಲಿ ಏನಿರಬೇಕೆಂದು ತೀರ್ಮಾನಿಸಲು ಬೇಕು. ಗ್ರಂಥದ ಪ್ರಧಾನ ಪ್ರಯೋಗಗಳು ನೀರಿನ ಚಲನೆಯನ್ನು ಅಳೆಯುವಂಥವು. ಏರಿಬಂದ ರಸದಲ್ಲಿ ಇದ್ದುದೇನೆಂಬ ಪ್ರಶ್ನೆಯು ಅವುಗಳಲ್ಲಿ ಏಳುವುದೇ ಇಲ್ಲ.