ಕಕ್ಷಾಂತರದ ಕನ್ನಡ ವಿವರಣೆಯಲ್ಲಿ ಕವಣೆಯ ಉಪಮೆ

ಮಂಗಳಯಾನದ ಮಾರ್ಗವನ್ನು ಕನ್ನಡದಲ್ಲಿ ಬಣ್ಣಿಸುವಾಗ ಒಂದು ಉಪಮೆ ಬಹುಮಟ್ಟಿಗೆ ರೂಢಿಗೆ ಬಂದಿದೆ: ನೌಕೆಯು ಭೂಮಿಯನ್ನು ಹಲವು ಸಲ ಸುತ್ತಿ, ಕವಣೆಯ ಕಲ್ಲಿನಂತೆ ಮಂಗಳದತ್ತ ಚಿಮ್ಮಿತು ಎಂಬುದು. ಉಪಮೆ ಚೆಲುವಾದುದೇ. ಚಿತ್ರದುರ್ಗ, ಹಿರಿಯೂರುಗಳ ಕಡೆ ಜೋಳದ ಹೊಲದ ಅಟ್ಟಣೆಯೇರಿ ಹಕ್ಕಿ ಕಾದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದುದೂ ಇಲ್ಲ. ಆದರೆ ಶಾಸ್ತ್ರವಿಷಯದಲ್ಲಿ ಉಪಮೆಗೆ ಚೆಲುವೊಂದೇ ಸಾಲದು. ಅದನ್ನು ನಂಬಿ ಲೆಕ್ಕಕ್ಕೆ ಕುಳಿತ ವಿದ್ಯಾರ್ಥಿ ದಾರಿ ತಪ್ಪಬಾರದು. 2023ರ ಏಪ್ರಿಲ್ 2ರಂದು ಮರುಬಳಕೆಯ ಉಡಾವಣಾ ವಾಹನದ ಇಳಿಕೆಯ ಪ್ರಯೋಗವನ್ನು ಕಂಡ ಈ ಜಿಲ್ಲೆಯಲ್ಲಿ ಅಂಥ ವಿದ್ಯಾರ್ಥಿಗಳು ಇನ್ನು ವಿರಳರಾಗಿರಲಾರರು.

ಕವಣೆಯ ಕಲ್ಲಿಗೆ ವೇಗವನ್ನು ಕೊಡುವುದು ಬೀಸುವವನ ತೋಳು. ಗುರುತ್ವದ ಹಿಂದೆ ಅಂಥ ತೋಳಿಲ್ಲ. ನೌಕೆ ಭೂಮಿಯತ್ತ ಇಳಿಯುವಾಗ ಭೂಮಿ ಕೊಟ್ಟ ವೇಗವನ್ನು, ಅದು ಮೇಲೇರುವಾಗ ಭೂಮಿಯೇ ಪೂರ್ತಿಯಾಗಿ ಹಿಂದಕ್ಕೆ ಪಡೆಯುತ್ತದೆ. ಎಷ್ಟು ಸುತ್ತು ಬಂದರೂ ಲಾಭ ಶೂನ್ಯ. ಈ ಉಪಮೆಯನ್ನು ಒಪ್ಪಿದವನಿಗೆ, 1337 ಕಿಲೋಗ್ರಾಂ ತೂಕದ ನೌಕೆಯಲ್ಲಿ ಸುಮಾರು 850 ಕಿಲೋಗ್ರಾಂ ಇಂಧನ ಹಾಗೂ ಉತ್ಕರ್ಷಕಗಳೇ ಏಕಿದ್ದವೆಂಬುದು ಒಗಟಾಗಿಯೇ ಉಳಿಯುವುದು.

ನಾಗರಪಂಚಮಿಯ ಜೋಕಾಲಿ ಇದಕ್ಕಿಂತ ಮೇಲಾದ ಉಪಮೆಯೆಂದು ನಾವು ಭಾವಿಸುತ್ತೇವೆ. ನಿಂತು ಜೀಕುವವಳು ತುದಿಯಲ್ಲಿ ಮಂಡಿ ಬಾಗಿಸಿ, ತಳದಲ್ಲಿ ಮೈ ನೆಟ್ಟಗೆ ಮಾಡುತ್ತಾಳೆ. ವೇಗ ಹೆಚ್ಚಿರುವೆಡೆ ಪಟ್ಟ ಶ್ರಮ ಎತ್ತರವಾಗಿ ಪರಿಣಮಿಸುತ್ತದೆ. 2013ರ ನವೆಂಬರ್ 5ರಂದು ನೌಕೆ ಸೇರಿದ ಮೊದಲ ಕಕ್ಷೆಯನ್ನೇ ನೋಡಬಹುದು. ಅದರ ಸಮೀಪಬಿಂದು ಭೂಮಿಯಿಂದ ಸುಮಾರು 250 ಕಿಲೋಮೀಟರ್, ದೂರಬಿಂದು ಸುಮಾರು 23,500 ಕಿಲೋಮೀಟರ್. ಗಣಿಸಿ ನೋಡಿದರೆ ಸಮೀಪಬಿಂದುವಿನಲ್ಲಿ ವೇಗ ಸೆಕೆಂಡಿಗೆ 9.9 ಕಿಲೋಮೀಟರ್, ದೂರಬಿಂದುವಿನಲ್ಲಿ ಕೇವಲ 2.2. ಅಷ್ಟೇ ಇಂಧನವನ್ನು ಉರಿಸಿ ಅಷ್ಟೇ ವೇಗವನ್ನು ಕೂಡಿಸಿದರೂ, ಸಮೀಪಬಿಂದುವಿನಲ್ಲಿ ದೊರೆಯುವ ಶಕ್ತಿ ದೂರಬಿಂದುವಿನಲ್ಲಿ ದೊರೆಯುವುದರ ನಾಲ್ಕೂವರೆಯಷ್ಟು. ಹಾಗಾದರೆ ಒಂದೇ ಸಲ ಉರಿಸಬಾರದಿತ್ತೆ? ನೌಕೆಯ ಎಂಜಿನ್ನಿನ ನೂಕುಬಲ 440 ನ್ಯೂಟನ್ ಮಾತ್ರ. ಬೇಕಾದ ವೇಗ ಬರಲು ಅದು ಸುಮಾರು ಒಂದು ಗಂಟೆ ಉರಿಯಬೇಕಾಗುತ್ತಿತ್ತು. ಅಷ್ಟರಲ್ಲಿ ನೌಕೆ ಸಮೀಪಬಿಂದುವನ್ನು ಬಿಟ್ಟು ಬಹುದೂರ ಸಾಗಿರುತ್ತಿತ್ತು. ಜೋಕಾಲಿಯನ್ನು ಸುತ್ತುಸುತ್ತಿಗೂ ತಳದಲ್ಲಿ ಜೀಕಿದಂತೆ ಕಕ್ಷೆಯನ್ನು ಹಂತಹಂತವಾಗಿ ಏರಿಸಿದುದು ಇದರಿಂದಲೇ.

ಕವಣೆಯ ದೊಡ್ಡ ಕೊರತೆ ಬೇರೆ ಇದೆ. ಕೈಬಿಟ್ಟ ಕಲ್ಲನ್ನು ತಿದ್ದಲಾಗದು. ನವೆಂಬರ್ 11ರ ನಾಲ್ಕನೆಯ ಏರಿಕೆಯಲ್ಲಿ ಕವಾಟದ ಎರಡು ವಿದ್ಯುತ್ ಸುರುಳಿಗಳನ್ನು ಒಟ್ಟಿಗೆ ಪರೀಕ್ಷಿಸುತ್ತಿದ್ದಾಗ ಎಂಜಿನ್ನಿಗೆ ಹರಿವು ನಿಂತಿತು. ಸೆಕೆಂಡಿಗೆ 130 ಮೀಟರ್ ವೇಗ ಕೂಡಬೇಕಾದಲ್ಲಿ 35 ಮಾತ್ರ ಕೂಡಿತು. ಒಂದು ಲಕ್ಷ ಕಿಲೋಮೀಟರನ್ನು ಮುಟ್ಟಬೇಕಿದ್ದ ದೂರಬಿಂದು 78,276ರಲ್ಲೇ ನಿಂತಿತು. ಮರುದಿನ ನೌಕೆ ಮತ್ತೆ ಸಮೀಪಬಿಂದುವಿಗೆ ಬಂದಾಗ ಇನ್ನೊಮ್ಮೆ ಉರಿಸಿ ಅದನ್ನು 1,18,642ಕ್ಕೆ ಏರಿಸಲಾಯಿತು. ಹಂತಹಂತದ ಕ್ರಮಕ್ಕೆ ಇರುವ ಈ ಕ್ಷಮಾಗುಣವನ್ನು ಕವಣೆಯ ಉಪಮೆ ಸಂಪೂರ್ಣವಾಗಿ ಮರೆಮಾಡುತ್ತದೆ.

ಕವಣೆಯನ್ನು ನಾವು ಬಹಿಷ್ಕರಿಸಹೊರಟಿಲ್ಲ. 1979ರಲ್ಲಿ ವಾಯೇಜರ್ ನೌಕೆಗಳು ಗುರುಗ್ರಹದ ಪಕ್ಕದಲ್ಲಿ ಹಾದು, ಚಲಿಸುವ ಆ ಗ್ರಹದಿಂದಲೇ ವೇಗವನ್ನು ಪಡೆದವು. ಅಲ್ಲಿ ನಿಜವಾಗಿ ಬೀಸುವ ತೋಳೊಂದಿದೆ. ಗುರಿಯ ಮಾತು ಬಂದಾಗಲೂ ಕವಣೆ ಸಲ್ಲುತ್ತದೆ. ಎರಡು ಕಕ್ಷೆಗಳನ್ನು ಮುಟ್ಟುವ ಅರ್ಧ ದೀರ್ಘವೃತ್ತವೇ ಮಿತವ್ಯಯದ ದಾರಿಯೆಂದು ವಾಲ್ಟರ್ ಹೋಮನ್ 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದನು. ಡಿಸೆಂಬರ್ 1ರಂದು ಭೂಮಿಯನ್ನು ಬಿಟ್ಟ ನೌಕೆ ಅದಕ್ಕೆ ಸಮೀಪವಾದ ದಾರಿಯಲ್ಲಿಯೇ ಸಾಗಿತು. ಅದು ಹೊರಟುದು ಅಂದು ಮಂಗಳವಿದ್ದ ಎಡೆಗಲ್ಲ, 2014ರ ಸೆಪ್ಟೆಂಬರ್ 24ರಂದು ಇರಲಿದ್ದ ಎಡೆಗೆ. ಹಾರುವ ಹಕ್ಕಿಗೆ ಕಲ್ಲು ಬೀರುವವನೂ ಹಕ್ಕಿಯ ಮುಂದಕ್ಕೇ ಬೀರುತ್ತಾನೆ.